ಸಾಲುದೀಪದಂತೆ ಸಾಗುವ ಉಪಗ್ರಹಗಳು, ಕಾಣದೆ ಸುತ್ತುವ ಕಸ

ಪ್ರಶ್ನೆ

ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿರುವ ಓದುಗರೊಬ್ಬರು ಬರೆದಿದ್ದಾರೆ: “ಡಿಸೆಂಬರ್ ತಿಂಗಳ ಒಂದು ಸಂಜೆ ಏಳು ಗಂಟೆಯ ಸುಮಾರಿಗೆ ನಮ್ಮ ಮಾಳಿಗೆಯ ಮೇಲೆ ಮಕ್ಕಳಿಗೆ ಕೃತ್ತಿಕೆಯನ್ನು ತೋರಿಸುತ್ತಿದ್ದೆ. ಪಡುವಣದಿಂದ ಇಪ್ಪತ್ತಕ್ಕೂ ಹೆಚ್ಚು ಬೆಳಕಿನ ಚುಕ್ಕೆಗಳು ದಾರದಲ್ಲಿ ಪೋಣಿಸಿದ ಹಾಗೆ ಒಂದೇ ಸಾಲಿನಲ್ಲಿ ಬಂದವು. ಸದ್ದೇ ಇರಲಿಲ್ಲ. ನೆತ್ತಿಯನ್ನು ದಾಟಿ ತುಸು ಮುಂದೆ ಹೋದ ಮೇಲೆ ಒಂದೇ ಜಾಗದಲ್ಲಿ ಒಂದಾದ ಮೇಲೊಂದು ನಂದಿಹೋದವು. ಸಣ್ಣ ಮಕ್ಕಳು ಹೆದರಿದರು. ಮರುದಿನ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಅವು ಶತ್ರುಗಳ ಡ್ರೋನ್ ಎಂದು ಒಬ್ಬರು, ಉಪಗ್ರಹಗಳು ಒಡೆದು ಬೀಳುತ್ತಿವೆ ಎಂದು ಇನ್ನೊಬ್ಬರು ಬರೆದರು. ನಮ್ಮ ಮಾವನವರು ರಾತ್ರಿ ಶೇಂಗಾ ಕಾಯಲು ಕಣಕ್ಕೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ಆಕಾಶದಲ್ಲಿ ನಿಜವಾಗಿಯೂ ಅಷ್ಟು ಕಸ ತುಂಬಿದೆಯೇ? ಅದು ನಮ್ಮ ಮೇಲೆ ಬೀಳುತ್ತದೆಯೇ? ಒಂದಕ್ಕೊಂದು ಡಿಕ್ಕಿ ಹೊಡೆದು ಎಲ್ಲ ಉಪಗ್ರಹಗಳೂ ನಾಶವಾಗುತ್ತವೆ ಎಂಬುದು ನಿಜವೇ? ಇದರಲ್ಲಿ ನಮ್ಮ ದೇಶದ ಪಾಲೂ ಇದೆಯೇ? ಉಪಗ್ರಹದ ಇಂಟರ್ನೆಟ್ ನಮಗೆ ಬೇಡ ಎಂದು ಹೇಳಬೇಕೇ? ಮಕ್ಕಳಿಗೆ ಇನ್ನು ಮುಂದೆ ಶುದ್ಧ ಆಕಾಶವನ್ನು ತೋರಿಸುವುದು ಸಾಧ್ಯವೇ?”

ಉತ್ತರ

ಚುಕ್ಕೆಗಳು ಒಂದೇ ಜಾಗದಲ್ಲಿ ಒಂದಾದ ಮೇಲೊಂದು ನಂದಿದವು ಎಂಬ ನಿಮ್ಮ ವಾಕ್ಯ ನನ್ನ ಅರ್ಧ ಕೆಲಸವನ್ನು ಮುಗಿಸಿಕೊಟ್ಟಿದೆ. ಡ್ರೋನ್‌ಗಳು ಹಾಗೆ ನಂದುವುದಿಲ್ಲ, ಉರಿದು ಬೀಳುವ ವಸ್ತುಗಳೂ ಹಾಗೆ ನಂದುವುದಿಲ್ಲ. ಉಪಗ್ರಹಕ್ಕೆ ಕಣ್ಣಿಗೆ ಕಾಣುವಂಥ ಸ್ವಂತ ಬೆಳಕಿಲ್ಲ. ನೆಲದಲ್ಲಿರುವ ನಮಗೆ ಸೂರ್ಯ ಮುಳುಗಿದ್ದರೂ ಮುನ್ನೂರು ಕಿಲೋಮೀಟರ್ ಎತ್ತರದಲ್ಲಿರುವ ಅದಕ್ಕೆ ಇನ್ನೂ ಬಿಸಿಲು ಬೀಳುತ್ತಿರುತ್ತದೆ, ಆ ಬಿಸಿಲು ಅದರ ಮೈಮೇಲೆ ಬಿದ್ದು ನಮ್ಮತ್ತ ತಿರುಗಿದಾಗ ಅದು ನಕ್ಷತ್ರದಂತೆ ಹೊಳೆಯುತ್ತದೆ. ಪೂರ್ವದ ಕಡೆಗೆ ಸಾಗುತ್ತ ಅದು ಭೂಮಿಯ ನೆರಳಿನೊಳಗೆ ಕಾಲಿಟ್ಟ ಕ್ಷಣ ಕಾಣದಾಗುತ್ತದೆ. ಒಂದೇ ಹಾದಿಯಲ್ಲಿ ಒಂದರ ಹಿಂದೊಂದು ಬರುವ ಉಪಗ್ರಹಗಳೆಲ್ಲ ಆ ನೆರಳಿನ ಅಂಚನ್ನು ಒಂದೇ ಜಾಗದಲ್ಲಿ ದಾಟುವುದರಿಂದ ಅಲ್ಲಿಯೇ ಸರದಿಯಂತೆ ಮರೆಯಾಗುತ್ತವೆ. ಅಂದು ನಿಮ್ಮ ಮಕ್ಕಳು ಕಂಡದ್ದು ಭೂಮಿಯ ನೆರಳಿನ ಗಡಿ.

ಆ ಸಾಲು ಬಹುಮಟ್ಟಿಗೆ ಖಚಿತವಾಗಿ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳದ್ದು. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ 60 ಉಪಗ್ರಹಗಳನ್ನು ಹಾರಿಸುವುದರೊಂದಿಗೆ ಆ ಯೋಜನೆಯ ಸಾಲು ಉಡಾವಣೆಗಳು ಶುರುವಾದವು. ಈಗ ಒಂದೊಂದು ಉಡಾವಣೆಯಲ್ಲಿ ಇನ್ನೂ ದೊಡ್ಡ ಗಾತ್ರದ ಇಪ್ಪತ್ತು ಚಿಲ್ಲರೆ ಉಪಗ್ರಹಗಳು ಹೋಗುತ್ತವೆ. ರಾಕೆಟ್ಟಿನಿಂದ ಬೇರ್ಪಟ್ಟ ಮೊದಲ ಕೆಲವು ದಿನ ಅವು ತಗ್ಗಿನ ಕಕ್ಷೆಯಲ್ಲಿ ಒತ್ತೊತ್ತಾಗಿ ಸಾಗುತ್ತವೆ, ಆಗ ಮಾತ್ರ ಈ ಸಾಲುದೀಪದ ನೋಟ ಸಿಗುತ್ತದೆ. ಮುಂದೆ ವಾರಗಳ ಕಾಲ ಮೆಲ್ಲಮೆಲ್ಲನೆ ಮೇಲೇರಿ ಸುಮಾರು 550 ಕಿ.ಮೀ. ಎತ್ತರದಲ್ಲಿ ಒಂದರಿಂದೊಂದು ದೂರ ಸರಿದು ನೆಲೆಯಾಗುತ್ತವೆ. ಅಲ್ಲಿ ಅವುಗಳ ಹೊಳಪು ಬರಿಗಣ್ಣಿನ ಮಿತಿಯ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಿನಲ್ಲಿ ಕಾಣುವುದೇ ಇಲ್ಲ, ಕೂಡ್ಲಿಗಿಯ ಕಡೆಯ ಕಗ್ಗತ್ತಲಿನಲ್ಲಿ ನುರಿತ ಕಣ್ಣಿಗೆ ಕಾಣಬಹುದು. ಆದ್ದರಿಂದ ಆ ಸಂಜೆ ಯಾವುದೂ ಒಡೆದಿರಲಿಲ್ಲ, ಬೀಳುತ್ತಲೂ ಇರಲಿಲ್ಲ. ಆ ಉಪಗ್ರಹಗಳು ಮೇಲೇರುತ್ತಿದ್ದವು. ಇಷ್ಟನ್ನು ನಿಮ್ಮ ಮಾವನವರಿಗೆ ಇಂದೇ ಹೇಳಿ.

ಉಳಿದ ಪ್ರಶ್ನೆಗಳಿಗೆ ಇಷ್ಟು ನಿರಾಳವಾದ ಉತ್ತರಗಳಿಲ್ಲ. ನಾನು ಉಪಗ್ರಹಗಳ ಕಕ್ಷೆಯ ಲೆಕ್ಕ ಹಾಕುವ ಕೆಲಸದಲ್ಲಿ ಬಹಳ ವರ್ಷ ಕಳೆದವನು, ಆ ಅನುಭವದಿಂದ ಮೊದಲಿಗೆ ಒಂದು ಮಾತು ಹೇಳುತ್ತೇನೆ. ಕಣ್ಣಿಗೆ ಕಾಣುವ ಉಪಗ್ರಹಗಳ ದಟ್ಟಣೆ ಒಂದು ಸಮಸ್ಯೆ, ಕಣ್ಣಿಗೆ ಕಾಣದ ಕಸ ಇನ್ನೊಂದು ಸಮಸ್ಯೆ. ಎರಡನ್ನೂ ಒಂದೇ ಎಂದುಕೊಂಡರೆ ಭಯ ತಪ್ಪು ಜಾಗಕ್ಕೆ ಹೋಗುತ್ತದೆ, ಒಂದರ ಮದ್ದು ಇನ್ನೊಂದಕ್ಕೆ ವಿಷವಾಗುವುದೂ ಗೊತ್ತಾಗುವುದಿಲ್ಲ. ಎರಡನ್ನೂ ಬೇರ್ಪಡಿಸುವುದು ಮುಖ್ಯವಾಗಿ ಎತ್ತರ.

ನೂರು ಕಿಲೋಮೀಟರ್ ದಾಟಿದ ಮೇಲೆ ಗಾಳಿ ಮುಗಿದುಹೋಗುವುದಿಲ್ಲ, ತೆಳುವಾಗುತ್ತ ಹೋಗುತ್ತದೆ. ಆ ತೆಳುಗಾಳಿಯೇ ಬಾಹ್ಯಾಕಾಶದ ಏಕೈಕ ಕಸಗುಡಿಸುವ ಕೈ. ಸುಮಾರು 300 ಕಿ.ಮೀ. ಎತ್ತರದಲ್ಲಿ ಬಿಟ್ಟ ವಸ್ತುವನ್ನು ಅದು ಕೆಲವೇ ತಿಂಗಳಲ್ಲಿ ಕೆಳಗೆಳೆದು ಸುಟ್ಟುಬಿಡುತ್ತದೆ. 550 ಕಿ.ಮೀ.ನಲ್ಲಿ ಕೆಲವು ವರ್ಷ ಬೇಕು, 800 ಕಿ.ಮೀ.ನಲ್ಲಿ ಶತಮಾನವೇ ಬೇಕು, 1,200 ಕಿ.ಮೀ.ನಲ್ಲಿ ಸಾವಿರ ವರ್ಷಕ್ಕೂ ಮೀರಿದ ಮಾತು. ನಮ್ಮ ಮೊದಲ ಉಪಗ್ರಹದ ಕಥೆಯಲ್ಲೇ ಈ ಪಾಠವಿದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹೋಗಿ ಸುಮಾರು 600 ಕಿ.ಮೀ. ಎತ್ತರದಲ್ಲಿ ನೆಲೆಯಾಯಿತು. ವಿದ್ಯುತ್ ಪೂರೈಕೆಯ ದೋಷದಿಂದ ನಾಲ್ಕೈದು ದಿನಗಳಲ್ಲೇ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ 360 ಕಿಲೋ ತೂಕದ ಆ ಪೆಟ್ಟಿಗೆ ವಾತಾವರಣಕ್ಕೆ ಮರಳಿ ಉರಿದುಹೋದದ್ದು 1992ರ ಫೆಬ್ರುವರಿಯಲ್ಲಿ, ಸುಮಾರು ಹದಿನೇಳು ವರ್ಷಗಳ ನಂತರ. ಅಂದು ಅದನ್ನು ಯಾರೂ ಕಸವೆಂದು ಕರೆಯಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ. ಅದರ ಅಕ್ಕಪಕ್ಕ ಅಷ್ಟೊಂದು ಜಾಗವಿತ್ತು.

ಈಗ ಜಾಗ ಎಷ್ಟಿದೆ? 2019ಕ್ಕೆ ಮುನ್ನ ಕೆಲಸ ಮಾಡುತ್ತಿದ್ದ ಉಪಗ್ರಹಗಳು ಸುಮಾರು 2,000 ಇದ್ದವು. ಈಗ ಸ್ಟಾರ್‌ಲಿಂಕ್ ಉಪಗ್ರಹಗಳೇ 8,000 ದಾಟಿವೆ. ಅಮೆಜಾನ್ ಮೂರು ಸಾವಿರಕ್ಕೂ ಹೆಚ್ಚು ಉಪಗ್ರಹಗಳ ಜಾಲವನ್ನು ಕಟ್ಟಲು ಹೊರಟಿದೆ, ಚೀನಾದ ಯೋಜನೆಗಳು ಹತ್ತು ಸಾವಿರದ ಲೆಕ್ಕದಲ್ಲಿವೆ. ಇವೆಲ್ಲ ಜೀವಂತ ಉಪಗ್ರಹಗಳು. ಇವನ್ನು ನೆಲದಿಂದ ನಡೆಸಬಹುದು, ಪಕ್ಕಕ್ಕೆ ಸರಿಸಬಹುದು. ಕಸದ ಲೆಕ್ಕ ಬೇರೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜಿನಂತೆ ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಚೂರುಗಳು ಹತ್ತು ಲಕ್ಷಕ್ಕೂ ಹೆಚ್ಚಿವೆ. ರೇಡಾರ್ ಮತ್ತು ದೂರದರ್ಶಕಗಳಿಂದ ಬೆನ್ನುಹತ್ತಿ ಪಟ್ಟಿ ಮಾಡಲು ಆಗಿರುವುದು ಅವುಗಳಲ್ಲಿ ಸುಮಾರು 40,000 ವಸ್ತುಗಳನ್ನು ಮಾತ್ರ, ಅದೂ ಜೀವಂತ ಉಪಗ್ರಹಗಳನ್ನು ಸೇರಿಸಿಕೊಂಡು. ಉಳಿದವು ಸುತ್ತುತ್ತಿವೆ ಎಂದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ.

ಒಂದು ಸೆಂಟಿಮೀಟರ್ ಎಂದರೆ ಕಡಲೆಕಾಳಿನ ಗಾತ್ರ. ಆದರೆ ಆ ಎತ್ತರದಲ್ಲಿ ಪ್ರತಿ ವಸ್ತುವೂ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್, ಅಂದರೆ ಗಂಟೆಗೆ 27,000 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬೇರೆ ಬೇರೆ ದಿಕ್ಕಿನಿಂದ ಬರುವ ಎರಡು ವಸ್ತುಗಳು ಸೆಕೆಂಡಿಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಎದುರಾಗುವುದು ಸಾಮಾನ್ಯ. ಮಕ್ಕಳಿಂದಲೇ ಲೆಕ್ಕ ಹಾಕಿಸಿ: ಒಂದು ಗ್ರಾಂ ತೂಕದ ಚೂರು ಆ ವೇಗದಲ್ಲಿ ಬಡಿದರೆ ಹೊಮ್ಮುವ ಶಕ್ತಿ, 800 ಕಿಲೋ ತೂಕದ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದಾಗಿನ ಶಕ್ತಿಗೆ ಸಮ. ಉಪಗ್ರಹದ ಗೋಡೆಗಳು ತೆಳು ಹಾಳೆಗಳು, ಅವು ಇದನ್ನು ತಡೆಯಲಾರವು.

ಡಿಕ್ಕಿಯ ಅಪಾಯವನ್ನು ಹೇಗೆ ಅಳೆಯುತ್ತೇವೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ಏಕೆಂದರೆ ಹೊರಗಿನವರಿಗೆ ಇದು ರಸ್ತೆಯ ಮೇಲೆ ಎದುರು ಬರುವ ಲಾರಿಯನ್ನು ನೋಡಿ ಪಕ್ಕಕ್ಕೆ ಸರಿದಂತೆ ಎಂಬ ಭಾವನೆ ಇದೆ. ನಮ್ಮ ಪರದೆಯ ಮೇಲೆ ಬರುವುದು ಚಿತ್ರವಲ್ಲ, ಕೆಲವು ಅಂಕೆಗಳು: ನಮ್ಮ ಉಪಗ್ರಹದ ಸಂಖ್ಯೆ, ಎದುರಿನ ಚೂರಿನ ಸಂಖ್ಯೆ, ಅವು ಅತಿ ಸಮೀಪಕ್ಕೆ ಬರುವ ಗಳಿಗೆ, ಆಗಿನ ಅಂತರ. ಆ ಅಂತರ 300 ಮೀಟರ್ ಎಂದು ಇರುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಆ ಲೆಕ್ಕದಲ್ಲಿರಬಹುದಾದ ತಪ್ಪು ಒಂದು ಕಿಲೋಮೀಟರ್ ಎಂದು ಇರುತ್ತದೆ. ರಾತ್ರಿ ಎರಡು ಗಂಟೆಗೆ ಆ ಎರಡು ಸಂಖ್ಯೆಗಳನ್ನು ನೋಡುತ್ತ ಕೂತು ತೀರ್ಮಾನ ಮಾಡಬೇಕು. ಡಿಕ್ಕಿಯ ಸಂಭವ ಹತ್ತು ಸಾವಿರದಲ್ಲಿ ಒಂದಕ್ಕಿಂತ ಹೆಚ್ಚು ಎಂದು ಬಂದರೆ ಸಾಮಾನ್ಯವಾಗಿ ಉಪಗ್ರಹವನ್ನು ಸರಿಸುವ ಯೋಚನೆ ಮಾಡುತ್ತೇವೆ. ಸರಿಸಲು ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗ ಬದಲಿಸಿದರೂ ಸಾಕು, ಕೆಲವು ಗಂಟೆ ಮೊದಲೇ ಮಾಡಬೇಕು ಅಷ್ಟೆ. ಆದರೆ ಪ್ರತಿ ಸಲವೂ ಇಂಧನ ಹೋಗುತ್ತದೆ, ಅಂದು ತೆಗೆಯಬೇಕಿದ್ದ ಚಿತ್ರಗಳು ತಪ್ಪುತ್ತವೆ, ಸರಿಸಿದ ಹೊಸ ಹಾದಿಯಲ್ಲಿ ಬೇರೊಂದು ಚೂರು ಎದುರಾಗುವುದಿಲ್ಲವೆಂದು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ಲೆಕ್ಕದ ಈ ಮಸುಕು ಎಷ್ಟು ದುಬಾರಿ ಎಂಬುದು 2009ರ ಫೆಬ್ರುವರಿ 10ರಂದು ಗೊತ್ತಾಯಿತು. ಅಮೆರಿಕದ ಇರಿಡಿಯಂ 33 ಎಂಬ ಜೀವಂತ ಸಂಪರ್ಕ ಉಪಗ್ರಹ ಮತ್ತು ರಷ್ಯಾದ ಕಾಸ್ಮೋಸ್ 2251 ಎಂಬ ಕೆಲಸ ನಿಂತ ಉಪಗ್ರಹ ಸೈಬೀರಿಯಾದ ಮೇಲೆ ಸುಮಾರು 790 ಕಿ.ಮೀ. ಎತ್ತರದಲ್ಲಿ ಡಿಕ್ಕಿ ಹೊಡೆದವು. ಅವೆರಡೂ ಅರ್ಧ ಕಿಲೋಮೀಟರಿಗೂ ಹೆಚ್ಚು ಅಂತರದಲ್ಲಿ ಹಾದುಹೋಗುತ್ತವೆ ಎಂದು ಲಭ್ಯವಿದ್ದ ಮುನ್ಸೂಚನೆ ಹೇಳಿತ್ತು. ಅಂದಿನ ಪಟ್ಟಿಯಲ್ಲಿ ಅದಕ್ಕಿಂತ ಹತ್ತಿರದ ಜೋಡಿಗಳು ನೂರಕ್ಕೂ ಹೆಚ್ಚಿದ್ದವು. ಆ ಒಂದು ಡಿಕ್ಕಿಯಿಂದ ಗುರುತಿಸಬಹುದಾದ ಎರಡು ಸಾವಿರಕ್ಕೂ ಹೆಚ್ಚು ಚೂರುಗಳು ಹುಟ್ಟಿದವು. ಆ ಎತ್ತರದಲ್ಲಿ ಗಾಳಿಯ ಕೈ ದುರ್ಬಲವಾದ್ದರಿಂದ ಅವುಗಳಲ್ಲಿ ಅನೇಕವು ಇಂದಿಗೂ ಸುತ್ತುತ್ತಿವೆ.

ಒಂದಕ್ಕೊಂದು ಡಿಕ್ಕಿ ಹೊಡೆದು ಎಲ್ಲವೂ ನಾಶವಾಗುತ್ತದೆಯೇ ಎಂದು ಕೇಳಿದ್ದೀರಿ. ಈ ಕಲ್ಪನೆಯ ಮೂಲ ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೈ 1978ರಲ್ಲಿ ಪ್ರಕಟಿಸಿದ ಲೆಕ್ಕಾಚಾರ: ಕಕ್ಷೆಯಲ್ಲಿ ವಸ್ತುಗಳು ಒಂದು ದಟ್ಟಣೆಯನ್ನು ಮೀರಿದರೆ, ಡಿಕ್ಕಿಯಿಂದ ಹೊಸ ಚೂರುಗಳು ಹುಟ್ಟುವ ವೇಗ ಗಾಳಿ ಅವನ್ನು ಗುಡಿಸುವ ವೇಗವನ್ನು ಮೀರಿ, ಹೊಸ ಉಡಾವಣೆ ಇಲ್ಲದಿದ್ದರೂ ಕಸ ಹೆಚ್ಚುತ್ತಲೇ ಹೋಗುತ್ತದೆ. ಸಿನಿಮಾಗಳಲ್ಲಿ ತೋರಿಸುವಂತೆ ಇದು ಗಂಟೆಗಳಲ್ಲಿ ನಡೆದು ಮುಗಿಯುವುದಿಲ್ಲ, ದಶಕಗಳಲ್ಲಿ, ಶತಮಾನಗಳಲ್ಲಿ ನಡೆಯುತ್ತದೆ. ಎಲ್ಲ ಎತ್ತರಗಳಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಟಿ.ವಿ. ಪ್ರಸಾರ ಮತ್ತು ಹವಾಮಾನಕ್ಕೆ ಬಳಸುವ, ಹಾಸನದಿಂದ ನಡೆಸುವಂಥ ಉಪಗ್ರಹಗಳು 36,000 ಕಿ.ಮೀ. ಎತ್ತರದಲ್ಲಿವೆ, ಈ ಸರಣಿ ಅವುಗಳನ್ನು ಮುಟ್ಟುವುದಿಲ್ಲ. ನನ್ನ ನಿಜವಾದ ಚಿಂತೆ ಇರುವುದು 700ರಿಂದ 1,000 ಕಿ.ಮೀ. ನಡುವಿನ ಪಟ್ಟಿಯ ಬಗ್ಗೆ. ಅಲ್ಲಿ ಹಳೆಯ ಸೋವಿಯತ್ ರಾಕೆಟ್ಟುಗಳ ಸುಮಾರು ಒಂಬತ್ತು ಟನ್ ತೂಕದ ಖಾಲಿ ಹಂತಗಳು, ಅಂದರೆ ಇಂಧನ ಮುಗಿದ ಮೇಲೆ ಅಲ್ಲೇ ಉಳಿದ ರಾಕೆಟ್ ಭಾಗಗಳು, ಹದಿನೈದಕ್ಕೂ ಹೆಚ್ಚಿವೆ. ಯುರೋಪಿನ ಎನ್ವಿಸ್ಯಾಟ್ ಎಂಬ ಎಂಟು ಟನ್ ಉಪಗ್ರಹ 2012ರ ಏಪ್ರಿಲ್‌ನಲ್ಲಿ ಮೂಕವಾಗಿ ಅಲ್ಲೇ ತಿರುಗುತ್ತಿದೆ. ಇವುಗಳನ್ನು ಯಾರೂ ಸರಿಸಲಾರರು. ಇಂಥ ಎರಡು ದೊಡ್ಡ ವಸ್ತುಗಳು ಒಮ್ಮೆ ಬಡಿದರೆ ಒಂದೇ ದಿನದಲ್ಲಿ ಹುಟ್ಟುವ ಕಸ, ಇಷ್ಟು ವರ್ಷ ನಾವು ಜತನದಿಂದ ಉಳಿಸಿದ್ದನ್ನೆಲ್ಲ ತಿಂದುಹಾಕುತ್ತದೆ. ನಿಮ್ಮ ಮಕ್ಕಳು ಕಂಡ ಸಾಲಿನಲ್ಲಿ ಆ ಅಪಾಯ ಇರಲಿಲ್ಲ. ಅದು ಯಾರ ಕಣ್ಣಿಗೂ ಬೀಳದ ಈ ಮುದಿ ರಾಕೆಟ್ಟುಗಳಲ್ಲಿದೆ.

ಇನ್ನು ನಮ್ಮ ದೇಶದ ಪಾಲು. ಇದಕ್ಕೆ ಪ್ರಾಮಾಣಿಕ ಉತ್ತರ, ಹೌದು, ಇದೆ. ಅಮೆರಿಕ, ರಷ್ಯಾ, ಚೀನಾಗಳಿಗೆ ಹೋಲಿಸಿದರೆ ಬಹಳ ಕಡಿಮೆ, ಆದರೆ ಇದೆ. 2001ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ–ಸಿ3ರ ಕೊನೆಯ ಹಂತ, ಕೆಲಸವೆಲ್ಲ ಮುಗಿದ ಎರಡು ತಿಂಗಳ ನಂತರ, ಡಿಸೆಂಬರ್ 19ರಂದು ಕಕ್ಷೆಯಲ್ಲೇ ಸಿಡಿದು 300ಕ್ಕೂ ಹೆಚ್ಚು ಚೂರುಗಳಾಯಿತು. ಆ ಬಳಿಕ ನಮ್ಮ ರಾಕೆಟ್ಟುಗಳ ಕೊನೆಯ ಹಂತದಲ್ಲಿ ಉಳಿದ ಇಂಧನ ಮತ್ತು ಒತ್ತಡವನ್ನು ಖಾಲಿ ಮಾಡಿಬಿಡುವ ಕ್ರಮ ರೂಢಿಗೆ ಬಂತು. 2019ರ ಮಾರ್ಚ್ 27ರಂದು ನಮ್ಮದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದು ಪುಡಿಮಾಡಿದ ಪರೀಕ್ಷೆಯನ್ನು ಉದ್ದೇಶಪೂರ್ವಕವಾಗಿಯೇ ಮುನ್ನೂರು ಕಿ.ಮೀ.ಗಿಂತ ತಗ್ಗಿನಲ್ಲಿ ನಡೆಸಲಾಯಿತು. ಚೂರುಗಳು ವಾರಗಳಲ್ಲೇ ಉರಿದುಹೋಗುತ್ತವೆ ಎಂಬ ನಿರೀಕ್ಷೆಯಿತ್ತು. ಬಹುಪಾಲು ಹಾಗೆಯೇ ಆಯಿತು. ಆದರೆ ಹೊಡೆತದ ರಭಸಕ್ಕೆ ಕೆಲವು ಚೂರುಗಳು ಬಹಳ ಮೇಲಕ್ಕೆ ಚಿಮ್ಮಿದವು, ಗುರುತಿಗೆ ಸಿಕ್ಕವುಗಳ ಪೈಕಿ ಕೊನೆಯದು ಕೆಳಗಿಳಿಯಲು ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2007ರ ಜನವರಿಯಲ್ಲಿ ಚೀನಾ ಇದೇ ಬಗೆಯ ಪರೀಕ್ಷೆಯನ್ನು 860 ಕಿ.ಮೀ. ಎತ್ತರದಲ್ಲಿ ಮಾಡಿ ಮೂರು ಸಾವಿರಕ್ಕೂ ಹೆಚ್ಚು ಚೂರುಗಳನ್ನು ಎಬ್ಬಿಸಿತು. ಅವು ಇಂದಿಗೂ ನಮ್ಮ ಉಪಗ್ರಹಗಳನ್ನು ಸರಿಸುವಂತೆ ಮಾಡುತ್ತವೆ. 2021ರ ನವೆಂಬರಿನಲ್ಲಿ ರಷ್ಯಾ ಮಾಡಿದ ಪರೀಕ್ಷೆಯ ದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು, ರಷ್ಯಾದವರೇ ಆದ ಗಗನಯಾನಿಗಳೂ ಸೇರಿ, ಮರಳುವ ನೌಕೆಗಳೊಳಗೆ ಆಶ್ರಯ ಪಡೆಯಬೇಕಾಯಿತು. ತಗ್ಗಿನಲ್ಲಿ ಮಾಡಿದೆವು ಎಂಬುದು ಭಾರತದ ಪರೀಕ್ಷೆಯ ಪರವಾಗಿ ನಿಜವಾದ ವಾದ. ಹಾಗಿದ್ದರೂ ಇಂಥ ಪರೀಕ್ಷೆಗಳನ್ನು ಯಾವ ದೇಶವೂ, ಯಾವ ಎತ್ತರದಲ್ಲೂ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮವರು ಒಳ್ಳೆಯ ಕೆಲಸವನ್ನೂ ಮಾಡಿದ್ದಾರೆ, ಅದೂ ನಿಮ್ಮ ಮಕ್ಕಳಿಗೆ ಗೊತ್ತಿರಲಿ. 867 ಕಿ.ಮೀ. ಎತ್ತರದಲ್ಲಿದ್ದ ಮೇಘಾ-ಟ್ರಾಪಿಕ್ಸ್ ಎಂಬ ಒಂದು ಟನ್ ತೂಕದ ಉಪಗ್ರಹವನ್ನು ಹಾಗೆಯೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಸುತ್ತುತ್ತಿತ್ತು. ಅದನ್ನು ಹೀಗೆ ಇಳಿಸಬೇಕೆಂದು ಕಟ್ಟಿರಲಿಲ್ಲ. ಆದರೂ ಉಳಿದಿದ್ದ ಇಂಧನವನ್ನು ಬಳಸಿ ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ನಿರ್ಜನ ಭಾಗದ ಮೇಲೆ ಉರಿದುಹೋಗುವಂತೆ ಮಾಡಿದರು. ಅದೇ ವರ್ಷದ ಜುಲೈ 14ರಂದು ಚಂದ್ರಯಾನ-3ರ ಉಡಾವಣೆಯನ್ನು ನಾಲ್ಕು ಸೆಕೆಂಡು ತಡಮಾಡಲಾಯಿತು. ಗೊತ್ತುಪಡಿಸಿದ ಗಳಿಗೆಗೇ ಹೊರಟಿದ್ದರೆ ಮೇಲೆ ಸುತ್ತುತ್ತಿದ್ದ ವಸ್ತುವೊಂದರ ತೀರಾ ಸಮೀಪ ಹೋಗುವ ಸಂಭವವಿತ್ತು. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ವಸ್ತು ನಾಲ್ಕು ಸೆಕೆಂಡಿನಲ್ಲಿ ಮೂವತ್ತು ಕಿಲೋಮೀಟರ್ ಆಚೆ ಇರುತ್ತದೆ. 2023ರಲ್ಲಿ ಇಸ್ರೋ ಡಿಕ್ಕಿ ತಪ್ಪಿಸಲು ತನ್ನ ಉಪಗ್ರಹಗಳನ್ನು 23 ಸಲ ಸರಿಸಿತು. ಈ ಕಾವಲಿನ ಕೇಂದ್ರ ಇರುವುದು ಬೆಂಗಳೂರಿನಲ್ಲೇ. 2030ರ ವೇಳೆಗೆ ದೇಶದ ಎಲ್ಲ ಉಡಾವಣೆಗಳೂ ಕಸ ಬಿಡದಂತಿರಬೇಕು ಎಂಬ ಗುರಿಯನ್ನು 2024ರಲ್ಲಿ ಘೋಷಿಸಲಾಗಿದೆ.

ಮಾವನವರ ಭಯಕ್ಕೆ ಮರಳುತ್ತೇನೆ. ಬಾಹ್ಯಾಕಾಶದ ವಸ್ತುಗಳು ನೆಲಕ್ಕೆ ಬೀಳುವುದು ಸುಳ್ಳಲ್ಲ. 2022ರ ಏಪ್ರಿಲ್ 2ರಂದು, ಯುಗಾದಿಯ ಸಂಜೆಯೇ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆಯೊಂದು ಬಿತ್ತು, ಸುತ್ತಲಿನ ಹಳ್ಳಿಗಳಲ್ಲಿ ಲೋಹದ ಗುಂಡುಗಳು ಸಿಕ್ಕವು. ಅವು ಚೀನಾದ ರಾಕೆಟ್ಟೊಂದರ ಮೇಲಿನ ಹಂತದವು. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿ ಸಿಕ್ಕ ದೊಡ್ಡ ಕೊಳವೆ ನಮ್ಮ ಪಿಎಸ್‌ಎಲ್‌ವಿಯದ್ದು. ಹಾಗಿದ್ದರೂ 1957ರಿಂದ ಇಂದಿನವರೆಗೆ ಆಕಾಶದಿಂದ ಬಿದ್ದ ಇಂಥ ಕಸದಿಂದ ಯಾರಾದರೂ ಸತ್ತ ದಾಖಲೆಯಿಲ್ಲ. 1997ರಲ್ಲಿ ಅಮೆರಿಕದ ಟಲ್ಸಾ ನಗರದಲ್ಲಿ ನಡೆದು ಹೋಗುತ್ತಿದ್ದ ಮಹಿಳೆಯೊಬ್ಬರ ಭುಜಕ್ಕೆ ಹಗುರವಾದ ಚೂರೊಂದು ತಾಗಿದ್ದೇ ತಿಳಿದಿರುವ ಪ್ರಸಂಗ, ಅವರಿಗೆ ಗಾಯವೂ ಆಗಲಿಲ್ಲ. ಭೂಮಿಯ ಮುಕ್ಕಾಲು ಪಾಲು ಸಮುದ್ರ, ಉಳಿದದ್ದರಲ್ಲಿ ಹೆಚ್ಚಿನದು ಬಯಲು. ಶೇಂಗಾ ಕಣಕ್ಕೆ ಹೋಗುವ ನಿಮ್ಮ ಮಾವನವರು ಕಾಲ ಬಳಿಗೆ ಬ್ಯಾಟರಿ ಬಿಟ್ಟು ಹಾವು ನೋಡಿಕೊಂಡರೆ ಸಾಕು, ಆಕಾಶ ನೋಡಿ ಹೆದರಬೇಕಿಲ್ಲ.

ಆದರೆ ಎಂದಾದರೂ ಹೊಲದಲ್ಲಿ ಸುಟ್ಟ ಗುರುತಿರುವ ಲೋಹದ ಗುಂಡು, ನಾರು ಸುತ್ತಿದ ಕಪ್ಪು ಸಿಲಿಂಡರು ಅಥವಾ ಅಂಥದೇನಾದರೂ ಸಿಕ್ಕರೆ ದಯವಿಟ್ಟು ಯಾರೂ ಮುಟ್ಟುವುದು ಬೇಡ, ಗುಜರಿಗೆ ಹಾಕುವುದಂತೂ ಬೇಡವೇ ಬೇಡ. ಕೆಲವು ಟ್ಯಾಂಕುಗಳಲ್ಲಿ ಹೈಡ್ರಜೀನ್ ಎಂಬ ವಿಷಕಾರಿ ಇಂಧನದ ಅಂಶ ಉಳಿದಿರಬಹುದು. ಮಕ್ಕಳನ್ನು ದೂರ ನಿಲ್ಲಿಸಿ ಪೊಲೀಸರಿಗೂ ತಹಶೀಲ್ದಾರರಿಗೂ ತಿಳಿಸಿ. ನಷ್ಟವಾದರೆ ಯಾರು ಕೊಡಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಕಾನೂನಿದೆ: 1972ರ ಒಪ್ಪಂದದಂತೆ ನೆಲದ ಮೇಲಾದ ಹಾನಿಗೆ ಉಡಾವಣೆ ಮಾಡಿದ ದೇಶವೇ ಹೊಣೆ, ತಪ್ಪು ಯಾರದೆಂದು ಸಾಬೀತು ಮಾಡುವ ಅಗತ್ಯವೂ ಇಲ್ಲ. 1978ರಲ್ಲಿ ಪರಮಾಣು ಇಂಧನವಿದ್ದ ಸೋವಿಯತ್ ಉಪಗ್ರಹವೊಂದು ಕೆನಡಾದಲ್ಲಿ ಬಿದ್ದಾಗ, ಕೆನಡಾ ಕೇಳಿದ್ದರ ಅರ್ಧದಷ್ಟನ್ನು, ಮೂವತ್ತು ಲಕ್ಷ ಕೆನಡಾ ಡಾಲರುಗಳನ್ನು, ಸೋವಿಯತ್ ಸರ್ಕಾರ ತೆತ್ತಿತು.

ಪರಿಹಾರಗಳೇನು ಎಂದರೆ, ಇಲ್ಲಿಯೇ ನಾನು ಮೊದಲು ಹೇಳಿದ ಇಕ್ಕಟ್ಟು ಬರುತ್ತದೆ. ಕಸದ ದೃಷ್ಟಿಯಿಂದ ತಗ್ಗಿನ ಕಕ್ಷೆಯೇ ಒಳ್ಳೆಯದು. ಉಪಗ್ರಹ ಕೆಟ್ಟು ನಿಂತರೂ ಗಾಳಿ ಅದನ್ನು ಬೇಗ ಇಳಿಸುತ್ತದೆ. ಆದರೆ ತಗ್ಗಿನಲ್ಲಿದ್ದಷ್ಟೂ ಅದು ಹೆಚ್ಚು ಹೊಳೆಯುತ್ತದೆ, ಮತ್ತು ಅಷ್ಟೇ ಪ್ರದೇಶಕ್ಕೆ ಇಂಟರ್ನೆಟ್ ಕೊಡಲು ಹೆಚ್ಚು ಉಪಗ್ರಹಗಳು ಬೇಕಾಗುತ್ತವೆ. ಎತ್ತರಕ್ಕೆ ಹೋದರೆ ಹೊಳಪು ಕಡಿಮೆ, ಸಂಖ್ಯೆಯೂ ಕಡಿಮೆ, ಆದರೆ ರಾತ್ರಿಯಲ್ಲಿ ಹೆಚ್ಚು ಹೊತ್ತು ಬಿಸಿಲು ಬೀಳುತ್ತದೆ, ಕೆಟ್ಟು ನಿಂತ ಒಂದೊಂದು ಉಪಗ್ರಹವೂ ಹತ್ತಾರು ತಲೆಮಾರುಗಳಿಗೆ ಉಳಿಯುತ್ತದೆ. 2022 ಮತ್ತು 2023ರಲ್ಲಿ ನಮ್ಮ ಎಲ್‌ವಿಎಂ3 ರಾಕೆಟ್ ಎರಡು ಸಲ 36ರಂತೆ ಒನ್‌ವೆಬ್ ಕಂಪನಿಯ 72 ಇಂಟರ್ನೆಟ್ ಉಪಗ್ರಹಗಳನ್ನು ಹಾರಿಸಿತು. ಅವು ಕೆಲಸ ಮಾಡುವುದು 1,200 ಕಿ.ಮೀ. ಎತ್ತರದಲ್ಲಿ. ಆ ಉಡಾವಣೆಗಳನ್ನು ನಾನೂ ಸಂತೋಷದಿಂದ ನೋಡಿದವನೇ, ಆದರೆ ಅವುಗಳಲ್ಲಿ ಒಂದೊಂದನ್ನೂ ಆಯುಸ್ಸು ಮುಗಿಯುವ ಮೊದಲೇ ಇಳಿಸಬೇಕಾದ ಹೊಣೆ ಎಷ್ಟು ದೊಡ್ಡದು ಎಂಬುದೂ ಜೊತೆಯಲ್ಲೇ ನೆನಪಾಗುತ್ತದೆ.

ಕಪ್ಪು ಬಣ್ಣ ಬಳಿಯಬಹುದಲ್ಲ ಎಂದು ಮಕ್ಕಳು ಕೇಳಿಯಾರು. 2020ರಲ್ಲಿ ಸ್ಟಾರ್‌ಲಿಂಕ್ ಅದನ್ನೂ ಮಾಡಿ ನೋಡಿತು. ಹೊಳಪು ಇಳಿಯಿತು, ಆದರೆ ಕಪ್ಪು ಮೈ ಬಿಸಿಲಿಗೆ ಕಾಯುತ್ತದೆ. ಆಮೇಲೆ ಬಿಸಿಲುಮರೆ ಕಟ್ಟಿದರು, ಈಗ ಬೆಳಕನ್ನು ಭೂಮಿಯಿಂದ ಆಚೆಗೆ ತಿರುಗಿಸುವ ಹೊದಿಕೆ ಹಾಕುತ್ತಿದ್ದಾರೆ. ಖಗೋಳಜ್ಞರು ಕೇಳಿರುವುದು ಉಪಗ್ರಹಗಳು ಬರಿಗಣ್ಣಿಗೆ ಕಾಣದಷ್ಟು ಮಸುಕಾಗಿರಲಿ ಎಂದು. ಕೆಲವು ಕಂಪನಿಗಳು ಪ್ರಯತ್ನಿಸುತ್ತಿವೆ, ಎಲ್ಲರನ್ನೂ ಕಟ್ಟಿಹಾಕುವ ಕಾನೂನು ಇಲ್ಲ. ಮೊಬೈಲಿಗೆ ನೇರವಾಗಿ ಸಂಕೇತ ಕಳುಹಿಸುವ ಹೊಸ ಬಗೆಯ ಉಪಗ್ರಹಗಳದ್ದು ಇನ್ನೂ ಕಷ್ಟ. 2022ರಲ್ಲಿ ಹಾರಿದ ಬ್ಲೂವಾಕರ್ 3 ತನ್ನ 64 ಚದರ ಮೀಟರಿನ ಆಂಟೆನಾ ಬಿಡಿಸಿದಾಗ ಆಕಾಶದ ಅತಿ ಪ್ರಕಾಶದ ನಕ್ಷತ್ರಗಳ ಸಾಲಿಗೆ ಸೇರಿತು, ಅದರ ಮುಂದಿನ ತಲೆಮಾರಿನ ಉಪಗ್ರಹಗಳ ಆಂಟೆನಾ ಅದರ ಮೂರು ಪಟ್ಟಿಗೂ ಹೆಚ್ಚು ದೊಡ್ಡದು.

ಇಳಿಸಿ ಸುಡುವುದೂ ಪೂರ್ತಿ ನಿರಪಾಯವಲ್ಲ. ಉರಿದ ಉಪಗ್ರಹದ ಅಲ್ಯೂಮಿನಿಯಂ ಎಲ್ಲಿಗೂ ಹೋಗಿಬಿಡುವುದಿಲ್ಲ. ಮೇಲಿನ ವಾಯುಮಂಡಲದ ಸೂಕ್ಷ್ಮ ಕಣಗಳ ಪೈಕಿ ಸುಮಾರು ಶೇ 10ರಲ್ಲಿ ಹೀಗೆ ಉರಿದ ಬಾಹ್ಯಾಕಾಶ ವಸ್ತುಗಳ ಲೋಹ ಇರುವುದನ್ನು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಓಜೋನ್ ಪದರದ ಮೇಲೆ ಇದರ ಪರಿಣಾಮವನ್ನು ಈಗ ತಾನೇ ಅಳೆಯಲು ತೊಡಗಿದ್ದಾರೆ. ಹಾಗಿದ್ದೂ ಮೇಲೆ ಬಿಟ್ಟು ಒಡೆಯುವುದಕ್ಕಿಂತ ಇಳಿಸಿ ಸುಡುವುದು ವಾಸಿ ಎಂಬುದು ಇಂದಿನ ನನ್ನ ತೀರ್ಮಾನ. ಕೆಲಸ ಮುಗಿದ ಮೇಲೆ 25 ವರ್ಷದೊಳಗೆ ಇಳಿಸಿ ಎಂಬ ಹಳೆಯ ಮಾರ್ಗಸೂಚಿಯ ಬದಲು ಅಮೆರಿಕ 2022ರಲ್ಲಿ ಐದು ವರ್ಷದ ಗಡುವನ್ನು ತಂದಿತು. ಅದು ಎಲ್ಲ ದೇಶಗಳಲ್ಲೂ ಕಡ್ಡಾಯವಾಗಬೇಕು.

ಮೇಲಿರುವ ಮುದಿ ವಸ್ತುಗಳನ್ನು ಹಿಡಿದು ತರುವ ಪ್ರಯತ್ನವೂ ಶುರುವಾಗಿದೆ. ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆಯೊಂದು 2024ರಲ್ಲಿ ಹಳೆಯ ರಾಕೆಟ್ ಹಂತವೊಂದರ ಹದಿನೈದು ಮೀಟರ್ ಸಮೀಪಕ್ಕೆ ಹೋಗಿಬಂತು. ಯುರೋಪಿನ ಕ್ಲಿಯರ್‌ಸ್ಪೇಸ್-1 ಯೋಜನೆ ಹಿಡಿದು ಇಳಿಸಲು ಆರಿಸಿಕೊಂಡಿರುವುದು ಪ್ರೋಬಾ-1 ಎಂಬ ಪುಟ್ಟ ಉಪಗ್ರಹವನ್ನು. ಅದು ಮೇಲೆ ಹೋದದ್ದು ನಾನು ಹೇಳಿದ ಅದೇ ಪಿಎಸ್‌ಎಲ್‌ವಿ–ಸಿ3ರಲ್ಲಿ. 2025ರ ಜನವರಿಯಲ್ಲಿ ಸ್ಪೇಡೆಕ್ಸ್‌ನ ಎರಡು ನೌಕೆಗಳನ್ನು ಕಕ್ಷೆಯಲ್ಲಿ ಜೋಡಿಸಿದ ಇಸ್ರೋಗೂ ಈ ವಿದ್ಯೆಯ ಮೊದಲ ಪಾಠ ಸಿಕ್ಕಿದೆ. ಆದರೆ ಸಹಕರಿಸುವ ನೌಕೆಯನ್ನು ಕೂಡುವುದು ಬೇರೆ, ಉರುಳಾಡುತ್ತಿರುವ ಒಂಬತ್ತು ಟನ್ ಲೋಹವನ್ನು ಹಿಡಿಯುವುದು ಬೇರೆ. ಹಿಡಿಯುವಾಗ ಕೈತಪ್ಪಿದರೆ ಹೊಸ ಕಸವೇ ಹುಟ್ಟುತ್ತದೆ. ಜೊತೆಗೆ, ಸತ್ತ ವಸ್ತುವೂ ಹಾರಿಸಿದ ದೇಶದ ಸ್ವತ್ತೇ ಆಗಿ ಉಳಿಯುವುದರಿಂದ ಅವರ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ.

ಹಾಗಾದರೆ ಉಪಗ್ರಹದ ಇಂಟರ್ನೆಟ್ ಬೇಡ ಎನ್ನಬೇಕೇ? ನಾನು ಹಾಗೆ ಹೇಳಲಾರೆ. ಮಳೆಗಾಲದಲ್ಲಿ ಟವರ್ ಕೆಟ್ಟು ವಾರಗಟ್ಟಲೆ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುವ ಮಲೆನಾಡಿನ ಹಳ್ಳಿಗೆ, ಪ್ರವಾಹ ಬಂದ ಊರಿಗೆ, ನಡುಗಡಲಿನ ಮೀನುಗಾರರಿಗೆ ಅದು ನಿಜವಾದ ಆಸರೆ. 2025ರಲ್ಲಿ ಸ್ಟಾರ್‌ಲಿಂಕ್‌ಗೆ ನಮ್ಮ ಸರ್ಕಾರ ಪರವಾನಗಿ ಕೊಟ್ಟಿದೆ. ಬೇಡ ಎನ್ನುವುದಕ್ಕಿಂತ, ಇಂಥ ಪರವಾನಗಿಗಳಲ್ಲಿ ಹೊಳಪಿನ ಮಿತಿ, ಇಳಿಸುವ ಗಡುವು, ರೇಡಿಯೋ ಸೋರಿಕೆಯ ಮಿತಿ ಇವುಗಳನ್ನು ಷರತ್ತಾಗಿ ಹಾಕಿ ಎಂದು ಕೇಳುವುದು ಸರಿಯೆಂದು ನನಗೆ ಕಾಣುತ್ತದೆ. ರೇಡಿಯೋ ಸೋರಿಕೆಯನ್ನು ಸೇರಿಸಲು ಕಾರಣವಿದೆ: ನೆದರ್‌ಲೆಂಡ್ಸ್‌ನಲ್ಲಿ ಕೇಂದ್ರವಿರುವ ಲೋಫಾರ್ ರೇಡಿಯೋ ದೂರದರ್ಶಕ, ಈ ಉಪಗ್ರಹಗಳ ಒಳಗಿನ ವಿದ್ಯುತ್ ಉಪಕರಣಗಳಿಂದ ಉದ್ದೇಶವಿಲ್ಲದೆ ಹೊಮ್ಮುವ ಅಲೆಗಳನ್ನು 2023ರಲ್ಲೂ 2024ರಲ್ಲೂ ಗುರುತಿಸಿತು. ಅದಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಗೌರಿಬಿದನೂರಿನ ಬಳಿ ಬಯಲಿನಲ್ಲಿ ಆಂಟೆನಾಗಳನ್ನು ನೆಟ್ಟು ಸೂರ್ಯನ ಕ್ಷೀಣ ಸಂಕೇತಗಳನ್ನು ಆಲಿಸುವವರಿಗೆ ಇದು ದೂರದ ಮಾತಲ್ಲ.

ಕೊನೆಯದಾಗಿ ನಿಮ್ಮ ಮಾಳಿಗೆಯ ಆಕಾಶ. ಲಂಡನ್ನಿನ ಅಕ್ಷಾಂಶದಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ದಿಗಂತದ ಕೆಳಗೆ ಹೆಚ್ಚು ಇಳಿಯುವುದೇ ಇಲ್ಲ, ಅಲ್ಲಿ ಈ ಉಪಗ್ರಹಗಳು ಇಡೀ ರಾತ್ರಿ ಹೊಳೆಯುತ್ತವೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಇಳಿಯುತ್ತಾನೆ. ಸೂರ್ಯ ದಿಗಂತದಿಂದ 23 ಡಿಗ್ರಿ ಕೆಳಗಿಳಿದಾಗ, ಅಂದರೆ ಮುಳುಗಿದ ಸುಮಾರು ಒಂದೂಮುಕ್ಕಾಲು ಗಂಟೆಯ ಹೊತ್ತಿಗೆ, ನೆತ್ತಿಯ ಮೇಲಿನ 550 ಕಿ.ಮೀ. ಎತ್ತರವೆಲ್ಲ ನೆರಳಿಗೆ ಸೇರುತ್ತದೆ. 1,200 ಕಿ.ಮೀ. ಎತ್ತರಕ್ಕೆ ಇನ್ನೂ ಮುಕ್ಕಾಲು ಗಂಟೆ ಬೇಕು. ಚಳಿಗಾಲದಲ್ಲಿ ರಾತ್ರಿ ಒಂಬತ್ತಾದ ಮೇಲೆ, ಬೆಳಗಿನ ಜಾವ ನಾಲ್ಕರವರೆಗೆ, ನಿಮ್ಮೂರಿನ ನಡು ಆಕಾಶ ಇಂದಿಗೂ ನಿಮ್ಮ ಅಜ್ಜಿ ಕಂಡಂತೆಯೇ ಇದೆ; ಬೀದಿಯ ಎಲ್‌ಇಡಿ ದೀಪ ಕಣ್ಣಿಗೆ ಹೊಡೆಯದ ಕಡೆ ಕೂರಬೇಕು, ಅಷ್ಟೆ. ಕಷ್ಟ ಇರುವುದು ವೀಕ್ಷಣಾಲಯಗಳಿಗೆ. ಭೂಮಿಯ ಹತ್ತಿರ ಬರುವ ಕ್ಷುದ್ರಗ್ರಹಗಳಲ್ಲಿ ಕೆಲವನ್ನು ಮುಸ್ಸಂಜೆ ಮತ್ತು ಮುಂಜಾವಿನಲ್ಲೇ ಹುಡುಕಬೇಕು, ಚಿಲಿಯ ರೂಬಿನ್ ವೀಕ್ಷಣಾಲಯದಂಥ ಅಗಲ ನೋಟದ ದೂರದರ್ಶಕಗಳ ಚಿತ್ರಗಳ ಮೇಲೆ ಆ ಹೊತ್ತಿನಲ್ಲೇ ಗೆರೆಗಳು ಬೀಳುತ್ತವೆ.

ಮುಂದಿನ ಸಲ ಅಂಥ ಸಾಲು ಬಂದಾಗ ಮಕ್ಕಳ ಕೈಗೆ ಗಡಿಯಾರವನ್ನೂ ನೋಟ್‌ಬುಕ್ಕನ್ನೂ ಕೊಡಿ. ಅಂದಿನ ಸೂರ್ಯಾಸ್ತದ ಹೊತ್ತು, ಮೊದಲ ಚುಕ್ಕೆ ನಂದಿದ ಹೊತ್ತು, ನಂದಿದ ಜಾಗ ಯಾವ ನಕ್ಷತ್ರದ ಪಕ್ಕದಲ್ಲಿತ್ತು ಎಂಬುದು, ಈ ಮೂರನ್ನು ಬರೆದುಕೊಂಡರೆ ಸಾಕು. ನಂದಿದ್ದು ನೆತ್ತಿಯ ಮೇಲೆಯೇ ಆದರೆ ಲೆಕ್ಕ ಬಹಳ ಸುಲಭ: ಭೂಮಿಯ ತ್ರಿಜ್ಯ 6,371 ಕಿ.ಮೀ.ಯನ್ನು, ಸೂರ್ಯ ಆಗ ದಿಗಂತದಿಂದ ಎಷ್ಟು ಡಿಗ್ರಿ ಕೆಳಗಿದ್ದನೋ ಆ ಕೋನದ ಕೊಸೈನ್‌ನಿಂದ ಭಾಗಿಸಿ, ಬಂದದ್ದರಿಂದ 6,371 ಕಳೆಯಿರಿ. ಉಳಿದದ್ದು ಆ ಉಪಗ್ರಹದ ಎತ್ತರ, ಕಿಲೋಮೀಟರುಗಳಲ್ಲಿ. ಸೂರ್ಯನ ಕೋನಕ್ಕೆ, ಸೂರ್ಯಾಸ್ತದಿಂದ ಕಳೆದ ಹೊತ್ತನ್ನು ಮೇಲೆ ಹೇಳಿದ ಒಂದೂಮುಕ್ಕಾಲು ಗಂಟೆಗೆ 23 ಡಿಗ್ರಿಯ ಲೆಕ್ಕದಲ್ಲಿ ಹಿಡಿದರೆ ಸಾಕು. ಹತ್ತನೇ ತರಗತಿಯ ತ್ರಿಕೋನಮಿತಿಯೇ ಇದಕ್ಕೆ ಸಾಕಾಗುತ್ತದೆ. ನಿಮ್ಮ ಮಕ್ಕಳಿಗೆ ಎಷ್ಟು ಬಂತೆಂದು ನನಗೂ ಬರೆಯಿರಿ.